ಮೂರೇ ದಿನಕ್ಕೆ ಕರಗಿದ ಗಡ್ಡೆ

ದೊಡ್ಡಪ್ಪನ ಅಂಗಿ ಗುಂಡಿಯಿಂದ ಶುರು ಮಾಡುತ್ತೇನೆ.

ಮಲೇಬೆನ್ನೂರು ಕಡೆ ಭದ್ರಾ ನಾಲೆ ನೀರಲ್ಲಿ ಭತ್ತ ಬೆಳೆಯುವ ಮನುಷ್ಯ. ಆಗ ಅವರಿಗೆ 66 ವರ್ಷ. ಎರಡು ತಿಂಗಳಿಂದ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಳ್ಳುತ್ತಿದ್ದರು. ಮಾತು ಕಮ್ಮಿಯಾಗಿತ್ತು. ಗದ್ದೆಗೆ ನೀರು ಬಿಟ್ಟು ತೂಬು ಮುಚ್ಚೋದನ್ನೇ ಮರೆತು ಮನೆಗೆ ಬಂದಿದ್ದರು. ವಯಸ್ಸಾಯ್ತು, ಮಗಳ ಮದುವೆ ಸಾಲದ ಚಿಂತೆ ಬೇರೆ ಅಂತ ನಾವೆಲ್ಲ ಸುಮ್ಮನಿದ್ದೆವು. ತಲೆನೋವು ಇರಲಿಲ್ಲ, ಜ್ವರ ಇರಲಿಲ್ಲ. ಒಂದು ದಿನ ಬಲಗಾಲು ಎಳೆಯತೊಡಗಿದಾಗ ದಾವಣಗೆರೆಗೆ ಕರೆತಂದೆವು. ಸಿಟಿ ಸ್ಕ್ಯಾನಿನಲ್ಲಿ ಮೆದುಳಿನ ಮುಂಭಾಗದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಗಡ್ಡೆ, ಅದರ ಸುತ್ತ ಊತ. ಅವತ್ತು ರಾತ್ರಿಯೇ ಡೆಕ್ಸಾಮೆಥಾಸೋನ್ ಅನ್ನೋ ಸ್ಟೆರಾಯ್ಡ್ ಇಂಜೆಕ್ಷನ್ ಶುರು ಮಾಡಿದರು.

ಮೂರನೇ ದಿನ ಬೆಳಿಗ್ಗೆ ನಾನು ವಾರ್ಡಿಗೆ ಹೋದೆ. ದೊಡ್ಡಪ್ಪ ಮಂಚದ ಮೇಲೆ ಕೂತು ಅಂಗಿ ಗುಂಡಿ ತಾವೇ ಹಾಕಿಕೊಳ್ಳುತ್ತಿದ್ದರು. ಮೇಲಿನಿಂದ ಕೆಳಗಿನವರೆಗೆ, ಒಂದೂ ತಪ್ಪಲಿಲ್ಲ. ನನ್ನ ನೋಡಿ, "ಏನ್ ತಮ್ಮಾ, ಬರಿಗೈಲಿ ಬಂದೀಯಲ್ಲ, ಬೆಣ್ಣೆದೋಸೆ ತರಲಿಲ್ವಾ?" ಅಂದರು. ದೊಡ್ಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮನೆ ದೇವರಿಗೆ ಹರಕೆ ಹೊತ್ತದ್ದು ಫಲ ಕೊಟ್ಟಿತು ಅಂತ ಊರಿಗೆಲ್ಲ ಫೋನ್ ಹೋಯಿತು.

ಹತ್ತು ದಿನ ಕಳೆದ ಮೇಲೆ ಬೆಂಗಳೂರಿನಲ್ಲಿ ಎಂಆರ್‌ಐ ಮಾಡಿಸಿದೆವು. ಗಡ್ಡೆ ಇರಲಿಲ್ಲ. ಇದ್ದ ಜಾಗದಲ್ಲಿ ಮಸುಕಾದ ನೆರಳು, ಅಷ್ಟೇ. ನಮಗೆ ಹಬ್ಬವಾದಂತಾಯಿತು. ಆದರೆ ಫಿಲ್ಮನ್ನು ಬೆಳಕಿಗೆ ಹಿಡಿದಿದ್ದ ಡಾಕ್ಟರ ಮುಖದಲ್ಲಿ ಖುಷಿ ಇರಲಿಲ್ಲ. ಅವರು ಕೇಳಿದ್ದು ಒಂದೇ ಮಾತು: "ಸ್ಟೆರಾಯ್ಡ್ ಕೊಡೋಕೆ ಮುಂಚೆ ಬಯಾಪ್ಸಿ ಆಗಿತ್ತಾ?" ಅಂದರೆ ಗಡ್ಡೆಯ ತುಣುಕು ತೆಗೆದು ಪರೀಕ್ಷೆ ಮಾಡಿದ್ದರಾ ಅಂತ.

ನಾನು 22 ವರ್ಷದಿಂದ ದಾವಣಗೆರೆಯಲ್ಲಿ ಔಷಧಿ ಅಂಗಡಿ ನಡೆಸುತ್ತಿರುವವನು. ಡೆಕ್ಸಾಮೆಥಾಸೋನ್ ನನ್ನ ಕೈಯಲ್ಲಿ ದಿನಾ ಓಡಾಡುವ ಔಷಧಿ. ಆದರೂ ಆ ಪ್ರಶ್ನೆ ಯಾಕೆ ಕೇಳಿದರು ಅನ್ನೋದು ನನಗೆ ತಿಳಿಯಲಿಲ್ಲ. ರೋಗಿಗೆ ಗುಣ ಕಾಣಿಸಿದರೆ ಡಾಕ್ಟರಿಗೆ ಯಾಕೆ ಚಿಂತೆ? ಇದನ್ನು ಅರ್ಥ ಮಾಡಿಕೊಳ್ಳೋಕೆ ನನಗೆ ವಾರಗಳೇ ಹಿಡಿದವು. ಕೌಂಟರಿನಲ್ಲಿ ನಿಂತು ಕೇಳುವವರಿಗೆ ಹೇಳುವ ಹಾಗೆ ಇಲ್ಲೂ ಹೇಳುತ್ತೇನೆ.

ಮೊದಲು ಕಾಯಿಲೆ ಯಾವುದು ಅನ್ನೋದು ಗೊತ್ತಾಗಬೇಕು. ನಮ್ಮ ರಕ್ತದ ಬಿಳಿಕಣಗಳಲ್ಲಿ ಲಿಂಫೋಸೈಟ್ ಅಂತ ಒಂದು ಬಗೆ ಇದೆ. ಸೋಂಕು ಬಂದರೆ ಗುರುತು ಹಿಡಿದು ಹೋರಾಡುವ ಕಣಗಳು. ಇವೇ ಹದ ತಪ್ಪಿ ಬೆಳೆದರೆ ಆ ಕ್ಯಾನ್ಸರಿಗೆ ಲಿಂಫೋಮಾ ಅನ್ನುತ್ತಾರೆ. ಸಾಮಾನ್ಯವಾಗಿ ಇದು ಕುತ್ತಿಗೆ, ಕಂಕುಳ, ತೊಡೆಸಂದಿಯಲ್ಲಿ ಗಂಟಾಗಿ ಕಾಣಿಸುತ್ತದೆ. ಅಪರೂಪಕ್ಕೆ ದೇಹದಲ್ಲಿ ಬೇರೆಲ್ಲೂ ಇಲ್ಲದೆ ಮೆದುಳಿನಲ್ಲಿ, ಬೆನ್ನುಹುರಿಯಲ್ಲಿ, ಕಣ್ಣಿನೊಳಗೆ ಮಾತ್ರ ಬರುತ್ತದೆ. ಮೆದುಳಿನಲ್ಲೇ ಹುಟ್ಟುವ ಗಡ್ಡೆಗಳಲ್ಲಿ 100ಕ್ಕೆ ಮೂರೋ ನಾಲ್ಕೋ ಮಾತ್ರ ಈ ಜಾತಿಯವು. ಹೆಚ್ಚಾಗಿ 60 ದಾಟಿದವರಲ್ಲಿ ಕಾಣಿಸಿಕೊಳ್ಳುತ್ತದೆ. ಎಚ್‌ಐವಿ ಇರುವವರಿಗೆ, ಕಿಡ್ನಿ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನುವವರಿಗೆ ಚಿಕ್ಕ ವಯಸ್ಸಿನಲ್ಲೂ ಬರಬಹುದು. ಅದಕ್ಕೇ ಈ ಗಡ್ಡೆಯ ಅನುಮಾನ ಬಂದ ಕೂಡಲೇ ಎಚ್‌ಐವಿ ಪರೀಕ್ಷೆ ಮಾಡಿಸುತ್ತಾರೆ. ನಮ್ಮ ದೊಡ್ಡಮ್ಮನಿಗೆ ಆ ಚೀಟಿ ನೋಡಿ ಬಹಳ ಬೇಜಾರಾಗಿತ್ತು. ಬೇಜಾರಾಗುವಂಥದ್ದು ಏನೂ ಇಲ್ಲ, ಅದು ಎಲ್ಲರಿಗೂ ಮಾಡುವ ಪರೀಕ್ಷೆ.

ಈ ಗಡ್ಡೆ ಬೇಗ ಬೆಳೆಯುತ್ತದೆ. ತಿಂಗಳಲ್ಲಿ ಅಲ್ಲ, ಕೆಲವೊಮ್ಮೆ ವಾರಗಳಲ್ಲೇ ಮನುಷ್ಯ ಬದಲಾಗಿಬಿಡುತ್ತಾನೆ. ತಲೆನೋವಿಗಿಂತ ಮುಂಚೆ ಸ್ವಭಾವ ಬದಲಾಗುವುದು ಜಾಸ್ತಿ. ಮಂಕು, ಮರೆವು, ಯಾವುದರಲ್ಲೂ ಆಸಕ್ತಿ ಇಲ್ಲದಿರೋದು. ಅಂಗಿ ಗುಂಡಿ, ಮರೆತ ತೂಬು ಇವೇ ನಮಗೆ ಸಿಕ್ಕ ಸುಳಿವು. ನಾವು ಓದಲಿಲ್ಲ, ಅಷ್ಟೇ.

ಸ್ಟೆರಾಯ್ಡ್ ಅಂದರೆ ಜಿಮ್ ಹುಡುಗರು ಹಾಕಿಸಿಕೊಳ್ಳೋದು ಅಂತ ಕೆಲವರು ತಿಳಿದಿದ್ದಾರೆ. ಅದು ಬೇರೆ, ಇದು ಬೇರೆ. ನಮ್ಮ ಎರಡೂ ಕಿಡ್ನಿಗಳ ತಲೆ ಮೇಲೆ ಅಡ್ರಿನಲ್ ಅಂತ ಪುಟ್ಟ ಗ್ರಂಥಿಗಳಿವೆ. ಅವು ದಿನಾ ಕಾರ್ಟಿಸಾಲ್ ಅನ್ನೋ ರಸ ಸುರಿಸುತ್ತವೆ. ಡೆಕ್ಸಾಮೆಥಾಸೋನ್ ಅದನ್ನೇ ಹೋಲುವ, ಅದಕ್ಕಿಂತ ಎಷ್ಟೋ ಪಟ್ಟು ಜೋರಾದ ಔಷಧಿ. ಮೆದುಳಿನ ಊತಕ್ಕೆ ಸಾಮಾನ್ಯವಾಗಿ ದಿನಕ್ಕೆ 16 ಮಿಲಿಗ್ರಾಂವರೆಗೆ ಕೊಡುತ್ತಾರೆ. ದೇಹ ತಾನಾಗಿ ಒಂದು ದಿನದಲ್ಲಿ ಮಾಡಿಕೊಳ್ಳುವುದಕ್ಕೆ ಹೋಲಿಸಿದರೆ ಇದು ಕಮ್ಮಿ ಅಂದರೂ 20 ಪಟ್ಟು. 2020ರಲ್ಲಿ ಕೊರೋನಾ ಬಂದಾಗ ಆಕ್ಸಿಜನ್ ಬೇಕಾದವರಿಗೆ ದಿನಕ್ಕೆ 6 ಮಿಲಿಗ್ರಾಂನಂತೆ ಹತ್ತು ದಿನ ಕೊಟ್ಟು ಎಷ್ಟೋ ಜೀವ ಉಳಿಸಿದ್ದು ಇದೇ ಔಷಧಿ.

ಮೆದುಳಿನ ಗಡ್ಡೆ ಇದ್ದವರಿಗೆ ಇದು ಎರಡು ಕೆಲಸ ಮಾಡುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ನಾನು ಎಡವಿದ್ದೇ ಇಲ್ಲಿ.

ಮೊದಲನೆಯದು ಊತ ಇಳಿಸೋದು. ನಮ್ಮೂರು ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು. ಬಟ್ಟೆ ನೇಯುವವರಿಗೆ ಗೊತ್ತು, ಎಳೆ ಒತ್ತಾಗಿದ್ದರೆ ನೀರು ನಿಲ್ಲುತ್ತದೆ, ಎಳೆ ಸಡಿಲವಾದರೆ ಸೋರುತ್ತದೆ. ಮೆದುಳಿನ ರಕ್ತನಾಳದ ಗೋಡೆ ಬಹಳ ಒತ್ತಾಗಿ ನೇಯ್ದ ಬಟ್ಟೆ ಇದ್ದ ಹಾಗೆ. ರಕ್ತದಲ್ಲಿರುವ ಕಂಡದ್ದೆಲ್ಲ ಮೆದುಳಿಗೆ ನುಗ್ಗದಂತೆ ಅದು ತಡೆಯುತ್ತದೆ. ಗಡ್ಡೆ ಬೆಳೆದ ಕಡೆ ಈ ನೇಯ್ಗೆ ಸಡಿಲಾಗುತ್ತದೆ. ನೀರಿನಂಶ ಸೋರಿ ಮೆದುಳು ಊದಿಕೊಳ್ಳುತ್ತದೆ. ತಲೆಬುರುಡೆ ಹಿಗ್ಗುವಂಥದ್ದಲ್ಲ. ಹಾಗಾಗಿ ಒತ್ತಡ ಏರುತ್ತದೆ. ಸ್ಟೆರಾಯ್ಡ್ ಆ ನೇಯ್ಗೆಯನ್ನು ಮತ್ತೆ ಬಿಗಿ ಮಾಡುತ್ತದೆ. ಸೋರಿಕೆ ನಿಲ್ಲುತ್ತದೆ, ಊತ ಇಳಿಯುತ್ತದೆ, ಕಾಲಿಗೆ ಬಲ ಬರುತ್ತದೆ. 1961ರಲ್ಲಿ ಅಮೆರಿಕದ ಮಿನೆಸೋಟಾದ ವೈದ್ಯರು ಮೆದುಳಿನ ಊತಕ್ಕೆ ಡೆಕ್ಸಾಮೆಥಾಸೋನ್ ಕೊಟ್ಟು ನೋಡಿದ ಮೇಲೆ ಇದು ಜಗತ್ತಿನ ಎಲ್ಲ ಕಡೆ ರೂಢಿಗೆ ಬಂತು. ಮೆದುಳಿನ ಯಾವ ಗಡ್ಡೆಯೇ ಇರಲಿ, ಸುತ್ತ ಊತ ಇದ್ದರೆ ಈ ಉಪಕಾರ ಆಗುತ್ತದೆ. ಗಡ್ಡೆ ಮಾತ್ರ ಹಾಗೇ ಇರುತ್ತದೆ.

ಎರಡನೆಯ ಕೆಲಸ ಲಿಂಫೋಮಾದಲ್ಲಿ ಮಾತ್ರ ಇಷ್ಟು ಜೋರಾಗಿ ಕಾಣುವಂಥದ್ದು. ಸ್ಟೆರಾಯ್ಡ್ ಲಿಂಫೋಸೈಟ್‌ಗಳನ್ನು ನೇರವಾಗಿ ಸಾಯಿಸುತ್ತದೆ. ಔಷಧಿ ಕಣದೊಳಗೆ ಹೋಗಿ ಅಲ್ಲಿರುವ ಒಂದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಎರಡೂ ಜೊತೆಯಾಗಿ ಕಣದ ನಡುವಿನ ಕೇಂದ್ರಕ್ಕೆ ಇಳಿಯುತ್ತವೆ. ವಂಶವಾಹಿಗಳು ಇರುವುದು ಅಲ್ಲಿ. ಕೆಲವು ಜೀನ್‌ಗಳು ಚಾಲೂ ಆಗುತ್ತವೆ, ಕೆಲವು ಬಂದ್ ಆಗುತ್ತವೆ. ಕೊನೆಗೆ ಕಣ ತನ್ನನ್ನು ತಾನೇ ಕಳಚಿ ಹಾಕಿಕೊಂಡು ಸಾಯುತ್ತದೆ. ಪ್ರತಿಯೊಂದು ಕಣದಲ್ಲೂ ಇಂಥ ಸಾವಿನ ವ್ಯವಸ್ಥೆ ಇದೆ. ಲಿಂಫೋಸೈಟ್‌ಗಳಲ್ಲಿ ಅದನ್ನು ಚಾಲೂ ಮಾಡುವ ಗುಂಡಿ ಸ್ಟೆರಾಯ್ಡಿನ ಕೈಗೆ ಸುಲಭವಾಗಿ ಸಿಗುತ್ತದೆ. ಆ ಕಣಗಳಿಂದಲೇ ಹುಟ್ಟಿದ ಕ್ಯಾನ್ಸರಲ್ಲೂ ಹೆಚ್ಚಾಗಿ ಆ ಗುಂಡಿ ಉಳಿದಿರುತ್ತದೆ.

ಇದು ಇವತ್ತಿನ ಸುದ್ದಿಯಲ್ಲ. 1944ರಷ್ಟು ಹಿಂದೆಯೇ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಕೆಂಡಾಲ್ ಮತ್ತು ಸಂಗಡಿಗರು ಇಲಿಗಳಲ್ಲಿ ಬೆಳೆದ ಲಿಂಫೋಮಾ ಬಗೆಯ ಗಡ್ಡೆ ಅಡ್ರಿನಲ್ ಗ್ರಂಥಿಯದೇ ಕಾರ್ಟಿಸೋನ್ ಅನ್ನೋ ರಸದಿಂದ ಕರಗೋದನ್ನು ಕಂಡಿದ್ದರು. ಅದೇ ರಸವನ್ನು 1948ರಲ್ಲಿ ಫಿಲಿಪ್ ಹೆಂಚ್ ಕೀಲುವಾತದ ರೋಗಿಗೆ ಕೊಟ್ಟರು. ಹಾಸಿಗೆ ಹಿಡಿದಿದ್ದ ಆಕೆ ಕೆಲವೇ ದಿನಗಳಲ್ಲಿ ಎದ್ದು ಓಡಾಡಿದಳು. 1950ರಲ್ಲಿ ಇವರಿಬ್ಬರಿಗೂ ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್‌ಗೂ ಸೇರಿ ನೊಬೆಲ್ ಬಂತು.

ಈಗ ದೊಡ್ಡಪ್ಪನ ಮೂರನೇ ದಿನದ ಬೆಳಿಗ್ಗೆ ಏನಾಗಿತ್ತು ಅಂತ ಹೇಳಬಹುದು. ಊತ ಇಳಿದಿತ್ತು. ಜೊತೆಗೆ ಗಡ್ಡೆಯ ಕಣಗಳೂ ಲಕ್ಷಗಟ್ಟಲೆ ಸತ್ತಿದ್ದವು. ಇನ್ನೊಂದು ಸೂಕ್ಷ್ಮ ಇದೆ. ಎಂಆರ್‌ಐ ಮಾಡುವಾಗ ಕೈಗೆ ಒಂದು ಔಷಧಿ ಚುಚ್ಚುತ್ತಾರೆ ಅಲ್ವಾ, ಕಾಂಟ್ರಾಸ್ಟ್ ಅಂತ. ನೇಯ್ಗೆ ಸಡಿಲ ಇದ್ದ ಕಡೆ ಅದು ಸೋರಿ ಬಿಳಿಯಾಗಿ ಹೊಳೆಯುತ್ತದೆ. ಸ್ಟೆರಾಯ್ಡ್ ನೇಯ್ಗೆ ಬಿಗಿ ಮಾಡಿದರೆ ಆ ಹೊಳಪೂ ಮಂಕಾಗುತ್ತದೆ. ಅಂದರೆ ಫಿಲ್ಮಿನಲ್ಲಿ ಕಾಣದಿರೋದೆಲ್ಲ ಹೋಗಿದೆ ಅಂತ ಲೆಕ್ಕ ಹಾಕುವ ಹಾಗಿಲ್ಲ. ಇಂಗ್ಲಿಷಿನ ವೈದ್ಯರು ಇದಕ್ಕೆ ಘೋಸ್ಟ್ ಟ್ಯೂಮರ್, ಅಂದರೆ ದೆವ್ವದ ಗಡ್ಡೆ ಅಂತಲೇ ಹೆಸರಿಟ್ಟಿದ್ದಾರೆ.

ಹಾಗಾದರೆ ಸ್ಟೆರಾಯ್ಡನ್ನೇ ಕೊಡುತ್ತಾ ಹೋದರೆ ಆಗಲ್ವಾ? ಅಂಗಡಿಗೆ ಬಂದವರೂ ಇದೇ ಕೇಳುತ್ತಾರೆ, ನಾನೂ ಇದೇ ಕೇಳಿದ್ದೆ. ಆಗೋದಿಲ್ಲ. ಭತ್ತದ ಗದ್ದೆಯಲ್ಲಿ ಜೇಕು ಬಿದ್ದರೆ ಏನಾಗುತ್ತದೆ ಅಂತ ದೊಡ್ಡಪ್ಪನನ್ನು ಕೇಳಬೇಕು. ಮೇಲೆ ಕೊಯ್ದರೆ ಗದ್ದೆ ಒಂದು ವಾರ ಕ್ಲೀನಾಗಿ ಕಾಣುತ್ತದೆ. ಮಣ್ಣಿನೊಳಗೆ ಬೆರಳ ತುದಿಯಷ್ಟು ಗಡ್ಡೆಗಳು ಹಾಗೇ ಇರುತ್ತವೆ. ನೀರು ಕುಡಿದು ಮತ್ತೆ ಚಿಗುರುತ್ತವೆ. ಲಿಂಫೋಮಾದ ಎಲ್ಲ ಕಣಗಳೂ ಸ್ಟೆರಾಯ್ಡಿಗೆ ಸಾಯುವುದಿಲ್ಲ. ಉಳಿದವು ರಕ್ತನಾಳಗಳ ಸುತ್ತ ಅವಿತು ಕೂತಿರುತ್ತವೆ. ಸಾಯದೆ ಉಳಿದವುಗಳ ಸಂತತಿಯೇ ಮುಂದೆ ಬೆಳೆಯುವುದರಿಂದ ಮುಂದಿನ ಸಲ ಅದೇ ಸ್ಟೆರಾಯ್ಡ್ ಅಷ್ಟು ಕೆಲಸ ಮಾಡದೆ ಹೋಗಬಹುದು. ಕರಗಿದ ಗಡ್ಡೆ ಕೆಲವರಲ್ಲಿ ವಾರಗಳಲ್ಲಿ, ಕೆಲವರಲ್ಲಿ ತಿಂಗಳುಗಳಲ್ಲಿ ಮತ್ತೆ ಬರುತ್ತದೆ. ಅದೇ ಜಾಗದಲ್ಲೂ ಬರಬಹುದು, ಮೆದುಳಿನ ಬೇರೆ ಮೂಲೆಯಲ್ಲೂ ತಲೆ ಎತ್ತಬಹುದು. ಬರೀ ಸ್ಟೆರಾಯ್ಡ್ ನಂಬಿ ಕೂತವರ ಆಯಸ್ಸು ತಿಂಗಳ ಲೆಕ್ಕದಲ್ಲಿರುತ್ತದೆ.

ಇನ್ನು ಬಯಾಪ್ಸಿ ವಿಷಯ. ಡಾಕ್ಟರ ಮುಖ ಸಪ್ಪಗಾದದ್ದು ಇದಕ್ಕೇ.

ಮೆದುಳಿನ ಲಿಂಫೋಮಾಕ್ಕೆ ಕೊಡುವ ಕೀಮೋ ಸಾಮಾನ್ಯದ್ದಲ್ಲ. ಅದನ್ನು ಅಂದಾಜಿನ ಮೇಲೆ ಕೊಡುವ ಹಾಗಿಲ್ಲ. ಎಂಆರ್‌ಐ ನೋಡಿ ಅನುಮಾನ ಪಡಬಹುದು, ನಿಶ್ಚಯ ಮಾಡಲಾಗದು. ಅದೇ ಥರ ಕಾಣುವ ಬೇರೆ ಕಾಯಿಲೆಗಳಿವೆ. ನಮ್ಮ ಕಡೆ ಟಿಬಿ ಗಡ್ಡೆ ಇದೆ. ಎಚ್‌ಐವಿ ಇದ್ದವರಲ್ಲಿ ಟಾಕ್ಸೋಪ್ಲಾಸ್ಮಾ ಅನ್ನೋ ಸೋಂಕು ಬರುತ್ತದೆ. ನರಗಳ ಹೊದಿಕೆ ಕಳಚುವ ಕಾಯಿಲೆಯೂ ಗಡ್ಡೆಯಂತೆ ಕಾಣಬಹುದು. ಇವುಗಳಲ್ಲಿ ಕೆಲವು ಸ್ಟೆರಾಯ್ಡಿಗೆ ಇಳಿಯುವುದೂ ಉಂಟು. ಹಾಗಾಗಿ ಸ್ಟೆರಾಯ್ಡಿಗೆ ಕರಗಿತು ಅನ್ನೋದೊಂದೇ ಲಿಂಫೋಮಾಕ್ಕೆ ಸಾಕ್ಷಿ ಆಗುವುದಿಲ್ಲ. ಸಾಕ್ಷಿ ಬೇಕಂದರೆ ಗಡ್ಡೆಯ ತುಣುಕು ಕೈಗೆ ಬರಬೇಕು.

ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ, ಸ್ಕ್ಯಾನ್ ಲೆಕ್ಕದಲ್ಲಿ ಗುರಿ ಇಟ್ಟು, ಸೂಜಿ ಇಳಿಸಿ, ಶಾವಿಗೆ ತುಂಡಿನಂಥ ಎಳೆಗಳನ್ನು ತೆಗೆಯುತ್ತಾರೆ. ಬೇರೆ ಗಡ್ಡೆಗಳಂತೆ ಇದನ್ನು ಪೂರ್ತಿ ಕತ್ತರಿಸಿ ತೆಗೆಯುವ ಆಪರೇಷನ್ನನ್ನು ಸಾಮಾನ್ಯವಾಗಿ ಮಾಡುವುದಿಲ್ಲ. ಇದು ಮೆದುಳಿನ ಒಳಗೆಲ್ಲ ಹರಡಿಕೊಂಡಿರುತ್ತದೆ, ಔಷಧಿಗೆ ಬಗ್ಗುತ್ತದೆ ಕೂಡ. ತುಣುಕು ಸಿಕ್ಕರೆ ಸಾಕು.

ಪರಿಚಯದ ಒಬ್ಬ ಪೆಥಾಲಜಿ ಡಾಕ್ಟರು ನನ್ನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿ ಎರಡು ಗಾಜು ತೋರಿಸಿದರು. ಮೊದಲನೆಯದು ಸ್ಟೆರಾಯ್ಡ್ ಮುಟ್ಟದ ಲಿಂಫೋಮಾ. ತಿಳಿ ಗುಲಾಬಿ ಬಣ್ಣದ ನೆಲ. ಅದರ ಮೇಲೆ ಕಡು ನೀಲಿ ಕಣಗಳು ರಕ್ತನಾಳದ ಸುತ್ತ ಸುತ್ತುಸುತ್ತಾಗಿ ಮುತ್ತಿಕೊಂಡಿದ್ದವು. ಬೆಲ್ಲದ ಅಚ್ಚಿಗೆ ಇರುವೆ ಮುತ್ತಿದಂತೆ. ಸಿಡಿ 20 ಅನ್ನೋ ಗುರುತಿಗೆ ಬಣ್ಣ ಹಾಕಿದರೆ ಎಲ್ಲವೂ ಕಂದು. ಇದು ಬಿ ಅನ್ನೋ ಬಗೆಯ ಲಿಂಫೋಸೈಟಿನ ಕ್ಯಾನ್ಸರ್ ಅಂತ ಅದು ಹೇಳುತ್ತದೆ, ಸಂಶಯವೇ ಇಲ್ಲ. ಎರಡನೆಯದು ಸ್ಟೆರಾಯ್ಡ್ ಕೊಟ್ಟ ಮೇಲೆ ತೆಗೆದದ್ದು. ಮುತ್ತಿದ್ದ ನೀಲಿ ಕಣ ಒಂದೂ ಇಲ್ಲ. ನೊರೆ ತುಂಬಿದಂಥ ಹೊಟ್ಟೆಯ ದೊಡ್ಡ ಕಣಗಳು ಅಲ್ಲಲ್ಲಿ ಕೂತಿದ್ದವು. ಸತ್ತ ಕಣಗಳನ್ನು ತಿಂದು ಸ್ವಚ್ಛ ಮಾಡುವ ಕಣಗಳಂತೆ ಅವು. ಒಂದಷ್ಟು ಗಾಯದ ಕಲೆ. ಅವರು ಹೇಳಿದರು: "ಇಲ್ಲಿ ಏನೋ ನಡೆದಿದೆ ಅಂತ ಗೊತ್ತಾಗುತ್ತೆ ಕಣ್ರಿ. ಯಾರು ಮಾಡಿದ್ದು ಅಂತ ಹೇಳೋಕೆ ಆಗಲ್ಲ."

ಸ್ಟೆರಾಯ್ಡ್ ಕೊಟ್ಟ ಮೇಲೆ ಎಲ್ಲ ಬಯಾಪ್ಸಿಗಳೂ ವ್ಯರ್ಥವಾಗುತ್ತವೆ ಅಂತಲ್ಲ. ಹಲವರಲ್ಲಿ ಉತ್ತರ ಸಿಗುತ್ತದೆ. ಎಷ್ಟು ದಿನ, ಎಷ್ಟು ಡೋಸ್ ಕೊಟ್ಟಿದ್ದಾರೆ, ಗಡ್ಡೆ ಎಷ್ಟು ಕುಗ್ಗಿದೆ ಅನ್ನೋದರ ಮೇಲೆ ಹೋಗುತ್ತದೆ. ಅದಕ್ಕೇ ಸ್ಟೆರಾಯ್ಡ್ ಆದವರಿಗೆ ಸೂಜಿ ಹಾಕುವ ಮುಂಚೆ ಮತ್ತೊಂದು ಎಂಆರ್‌ಐ ಮಾಡಿ ನೋಡುತ್ತಾರೆ. ಹೊಳೆಯುವ ಗಡ್ಡೆ ಇನ್ನೂ ಇದ್ದರೆ ಮುಂದುವರಿಯುತ್ತಾರೆ. ಇಲ್ಲದಿದ್ದರೆ ಬರಿ ಹುತ್ತ ಬಡಿದಂತೆ ಆಗುತ್ತದೆ. ಬೆನ್ನಿನಿಂದ ತೆಗೆದ ನೀರಿನಲ್ಲೋ, ಕಣ್ಣಿನ ಪರೀಕ್ಷೆಯಲ್ಲೋ ಕಣಗಳು ಸಿಕ್ಕರೆ ಮೆದುಳಿಗೆ ಸೂಜಿ ಹಾಕೋದೇ ತಪ್ಪುತ್ತದೆ. ಆದರೆ ಸ್ಟೆರಾಯ್ಡ್ ಅಲ್ಲಿಯ ಕಣಗಳನ್ನೂ ಬಿಡುವುದಿಲ್ಲ.

ದೊಡ್ಡಪ್ಪನ ವಿಷಯದಲ್ಲಿ ಹುತ್ತ ಮಾತ್ರ ಉಳಿದಿತ್ತು. ಹಾವು ಹೊರಗೆ ಬರುವವರೆಗೆ ಕಾಯಬೇಕು ಅಂದರು. ಸ್ಟೆರಾಯ್ಡನ್ನು ಮೆಲ್ಲಗೆ ಇಳಿಸಿ ನಿಲ್ಲಿಸಿದರು. ಕೆಲವು ವಾರಕ್ಕೊಮ್ಮೆ ಎಂಆರ್‌ಐ. ಆ ದಿನಗಳ ಸಂಕಟ ಏನು ಹೇಳಲಿ. ಗುಣವಾದ ಮನುಷ್ಯನನ್ನು ಮನೆಯಲ್ಲಿ ಕೂರಿಸಿಕೊಂಡು, ಕಾಯಿಲೆ ಮತ್ತೆ ಬರಲಿ ಅಂತ ಕಾಯುವುದು. ದಿನಾ ಬೆಳಿಗ್ಗೆ ದೊಡ್ಡಮ್ಮ ಅವರ ಅಂಗಿ ಗುಂಡಿ ನೋಡುತ್ತಿದ್ದರು. ಏಳನೇ ವಾರ ಒಂದು ಗುಂಡಿ ತಪ್ಪಿತು. ದೊಡ್ಡಮ್ಮ ನನಗೆ ಫೋನ್ ಮಾಡಿ ಅಷ್ಟೇ ಹೇಳಿದರು, "ಗುಂಡಿ ತಪ್ಪೈತಪ್ಪಾ." ಆ ಸಲ ಒಂದು ಹನಿ ಸ್ಟೆರಾಯ್ಡೂ ಇಲ್ಲದೆ ನೇರ ಬಯಾಪ್ಸಿ ಆಯಿತು. ಲಾರ್ಜ್ ಬಿ ಸೆಲ್ ಲಿಂಫೋಮಾ ಅಂತ ವರದಿ ಬಂತು. ಮೆದುಳಿನ ಲಿಂಫೋಮಾಗಳಲ್ಲಿ 100ಕ್ಕೆ 90ಕ್ಕಿಂತ ಜಾಸ್ತಿ ಇದೇ ಬಗೆಯವು.

ಮೊದಲ ದಿನ ಸ್ಟೆರಾಯ್ಡ್ ಕೊಟ್ಟ ಡಾಕ್ಟರ ಮೇಲೆ ಆಮೇಲೆ ಮನೆಯಲ್ಲಿ ಸಿಟ್ಟು ಬಂತು. ನನಗೂ ಬಂದಿತ್ತು. ಈಗ ಅಷ್ಟಿಲ್ಲ. ಊತ ನೋಡಿ ಊತಕ್ಕೆ ಔಷಧಿ ಕೊಟ್ಟರು. ಮೆದುಳಿನ ಹೆಚ್ಚಿನ ಗಡ್ಡೆಗಳಿಗೆ ಅದರಿಂದ ತೊಂದರೆ ಇಲ್ಲ. ನೂರರಲ್ಲಿ ಮೂರ್ನಾಲ್ಕು ಗಡ್ಡೆಗಳ ವಿಷಯದಲ್ಲಿ ಮಾತ್ರ ಇದು ಎಡವಟ್ಟು. ಆದರೂ ಆ ಒಂದು ಪ್ರಶ್ನೆ ಅವತ್ತು ಯಾರಾದರೂ ಕೇಳಬೇಕಿತ್ತು ಅಂತ ಈಗಲೂ ಅನಿಸುತ್ತದೆ. ಇದು ಲಿಂಫೋಮಾ ಇರಬಹುದಾ, ಬಯಾಪ್ಸಿ ಆಗೋವರೆಗೆ ಸ್ಟೆರಾಯ್ಡ್ ತಡೆಯಬಹುದಾ ಅಂತ. ಔಷಧಿ ಅಂಗಡಿಯವನಾಗಿ ನಾನೇ ಕೇಳಬಹುದಿತ್ತು.

ನಮ್ಮಂಥ ಊರಿನವರಿಗೆ ಇದು ಇನ್ನೂ ಮುಖ್ಯ. ಮೆದುಳಿನ ಸರ್ಜನ್‌ಗಳು ಈಗ ದಾವಣಗೆರೆಯಲ್ಲೂ ಇದ್ದಾರೆ, ನಿಜ. ಆದರೂ ಬಹಳ ಮಂದಿ ಬೆಂಗಳೂರಿಗೆ, ಮಣಿಪಾಲಕ್ಕೆ ಹೋಗುತ್ತಾರೆ. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್, ಚಿತ್ರದುರ್ಗದಿಂದ 200. ದಾರಿ ನಾಲ್ಕೈದು ತಾಸಿನದು. ಆದರೆ ರೆಫರಲ್ ಪತ್ರ, ಕಾರ್ಡು, ದುಡ್ಡು, ಜೊತೆಗೆ ಬರುವವರು, ಹಾಸಿಗೆ ಸಿಗೋದು, ಇವೆಲ್ಲ ಸೇರಿ ಹತ್ತು ದಿನ ಆಗಿಬಿಡುತ್ತದೆ. ಅಲ್ಲಿಗೆ ಹೋಗೋತನಕ ಇರಲಿ ಅಂತ ಸ್ಟೆರಾಯ್ಡ್ ನಡೆಯುತ್ತಲೇ ಇರುತ್ತದೆ. ಗಡ್ಡೆ ಕರಗೋಕೆ ಅಷ್ಟು ದಿನ ಬೇಕಾದಷ್ಟಾಯಿತು.

ತಡೆಯಬಾರದ ಸಂದರ್ಭವೂ ಇದೆ, ಇದನ್ನು ದಯವಿಟ್ಟು ಸರಿಯಾಗಿ ಓದಿ. ರೋಗಿ ಎಚ್ಚರ ತಪ್ಪುತ್ತಿದ್ದರೆ, ಒಂದೇ ಸಮನೆ ವಾಂತಿ ಆಗುತ್ತಿದ್ದರೆ, ಒಂದು ಕಣ್ಣಿನ ಪಾಪೆ ದೊಡ್ಡದಾಗಿದ್ದರೆ, ಒಳಗಿನ ಒತ್ತಡ ಮೆದುಳನ್ನು ಕೆಳಕ್ಕೆ ತಳ್ಳುತ್ತಿದೆ ಅಂತ ಅರ್ಥ. ಆಗ ಬಯಾಪ್ಸಿ ಲೆಕ್ಕಕ್ಕಿಲ್ಲ, ಜೀವ ಮೊದಲು. ಸ್ಟೆರಾಯ್ಡ್ ಕೊಡಲೇಬೇಕು. ಒತ್ತಡ ಇಳಿಸೋಕೆ ಮ್ಯಾನಿಟಾಲ್ ಅಂತ ಡ್ರಿಪ್ ಇದೆ, ಗಟ್ಟಿ ಉಪ್ಪುನೀರಿನ ಡ್ರಿಪ್ ಇದೆ. ಅವು ಗಡ್ಡೆಯ ಕಣಗಳನ್ನು ಸಾಯಿಸುವುದಿಲ್ಲ, ಹಾಗಾಗಿ ಬಯಾಪ್ಸಿಗೆ ಅಡ್ಡಿ ಇಲ್ಲ. ಆದರೆ ಅವುಗಳ ಪರಿಣಾಮ ಕೆಲವು ತಾಸಿನದು. ಯಾವುದು, ಯಾವಾಗ ಅನ್ನೋದು ರೋಗಿಯನ್ನು ಕಣ್ಣಾರೆ ನೋಡುತ್ತಿರುವ ಡಾಕ್ಟರಿಗೆ ಬಿಟ್ಟದ್ದು. ಇದನ್ನು ಓದಿ ಯಾರೂ ನಡೆಯುತ್ತಿರುವ ಸ್ಟೆರಾಯ್ಡನ್ನು ತಾವೇ ನಿಲ್ಲಿಸಬೇಡಿ. ವಾರಗಟ್ಟಲೆ ತಗೊಂಡಿದ್ದರೆ ದೇಹದ ಅಡ್ರಿನಲ್ ಗ್ರಂಥಿ ಕೆಲಸ ಬಿಟ್ಟು ಮಲಗಿರುತ್ತದೆ. ಒಮ್ಮೆಲೇ ಮಾತ್ರೆ ನಿಲ್ಲಿಸಿದರೆ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು.

ಇನ್ನೊಂದು ಮಾತು, ಇದು ನನ್ನ ಕೌಂಟರಿನಿಂದಲೇ ಕಂಡದ್ದು. ಎಷ್ಟೋ ಜನರಿಗೆ ತಾವು ಸ್ಟೆರಾಯ್ಡ್ ತಿಂದಿರೋದೇ ಗೊತ್ತಿರುವುದಿಲ್ಲ. ಮಂಡಿನೋವಿಗೆ ಅಂತ ಎಲ್ಲೋ ಕಾಗದದಲ್ಲಿ ಮಡಚಿ ಕೊಟ್ಟ ಪುಡಿ, ಹೆಸರಿಲ್ಲದ ಬಿಳಿ ಮಾತ್ರೆ, ದಮ್ಮಿಗೆ ಅಂತ ಹಾಕಿದ ಇಂಜೆಕ್ಷನ್. 0.5 ಮಿಲಿಗ್ರಾಂ ಡೆಕ್ಸಾ ಮಾತ್ರೆ ಕಡಲೆಬೇಳೆಗಿಂತ ಚಿಕ್ಕದು, ಪುಡಿ ಮಾಡಿ ಬೆರೆಸಿದರೆ ಯಾರಿಗೂ ಕಾಣುವುದಿಲ್ಲ. ಚೀಟಿ ಇಲ್ಲದೆ ಇದನ್ನು ಮಾರುವ ಹಾಗಿಲ್ಲ ಅಂತ ಕಾನೂನಿದೆ. ಆದರೂ ಹಳೇ ಸ್ಟ್ರಿಪ್ ತೋರಿಸಿ, "ಇದೇ ಕೊಡ್ರಿ, ಹೋದ ಸಲ ಚಲೋ ಆಗಿತ್ತು" ಅನ್ನುವವರು ವಾರಕ್ಕೆ ನಾಲ್ಕು ಜನ ಬರುತ್ತಾರೆ. ಮೆದುಳಿನ ಗಡ್ಡೆಯ ಅನುಮಾನ ಇರುವವರ ಮನೆಯವರು ಹಿಂದಿನ ಒಂದೆರಡು ತಿಂಗಳಲ್ಲಿ ತಿಂದದ್ದನ್ನೆಲ್ಲ, ಪುಡಿಯನ್ನೂ ಸೇರಿಸಿ, ಡಾಕ್ಟರಿಗೆ ಹೇಳಬೇಕು. ಸಂಕೋಚ ಮಾಡಿದರೆ ಬಯಾಪ್ಸಿ ಗಾಜಿನಲ್ಲಿ ನೊರೆ ಕಣಗಳು ಮಾತ್ರ ಸಿಗುತ್ತವೆ, ಯಾಕೆ ಅಂತ ಯಾರಿಗೂ ತಿಳಿಯುವುದಿಲ್ಲ.

ಬಯಾಪ್ಸಿ ಆದ ಮೇಲೆ ಸ್ಟೆರಾಯ್ಡ್ ಮತ್ತೆ ಒಳ್ಳೆಯ ಗೆಳೆಯನೇ. ದೊಡ್ಡಪ್ಪನಿಗೆ ಸೂಜಿ ಹಾಕಿದ ದಿನ ಸಂಜೆಯೇ ಶುರು ಮಾಡಿದರು, ಕೀಮೋ ಹತ್ತಿದ ಮೇಲೆ ಇಳಿಸುತ್ತಾ ಬಂದರು. ಜಾಸ್ತಿ ದಿನ ಇಟ್ಟುಕೊಳ್ಳುವ ಔಷಧಿ ಅಲ್ಲ. ಸಕ್ಕರೆ ಏರುತ್ತದೆ, ನಿದ್ದೆ ಹೋಗುತ್ತದೆ, ತೊಡೆಯ ಸ್ನಾಯು ಕರಗಿ ಕೂತಲ್ಲಿಂದ ಏಳೋಕೆ ಆಗುವುದಿಲ್ಲ, ಮಲಗಿದ್ದ ಟಿಬಿ ಏಳಬಹುದು. 2021ರಲ್ಲಿ ಕಪ್ಪು ಶಿಲೀಂಧ್ರ ಬಂದದ್ದು ನೆನಪಿರಬೇಕು. ಹತೋಟಿ ಇಲ್ಲದ ಸಕ್ಕರೆ, ಜಾಸ್ತಿ ಸ್ಟೆರಾಯ್ಡ್ ಎರಡೂ ಸೇರಿದವರಲ್ಲೇ ಅದು ಹೆಚ್ಚಾಗಿ ಕಂಡಿತ್ತು.

ನಿಜವಾದ ಚಿಕಿತ್ಸೆಯ ಹೆಸರು ಮೆಥೊಟ್ರೆಕ್ಸೇಟ್. ಇದೂ ನನ್ನ ಅಂಗಡಿಯಲ್ಲಿದೆ. ಕೀಲುವಾತದವರು ವಾರಕ್ಕೊಮ್ಮೆ 7.5 ಮಿಲಿಗ್ರಾಂನಷ್ಟರಿಂದ ಶುರು ಮಾಡುತ್ತಾರೆ. ಮೆದುಳಿನ ಲಿಂಫೋಮಾಕ್ಕೆ ಮೈಯ ಚರ್ಮದ ಅಳತೆ ಲೆಕ್ಕ ಹಾಕಿ, ಚದರ ಮೀಟರಿಗೆ 3 ರಿಂದ 3.5 ಗ್ರಾಂ, ಕೆಲವೆಡೆ ಇನ್ನೂ ಜಾಸ್ತಿ ಕೊಡುತ್ತಾರೆ. ದೊಡ್ಡಪ್ಪನ ಮೈಗೆ ಒಂದು ಸಲಕ್ಕೆ 5 ಗ್ರಾಂ ದಾಟಿತು. ಅಂದರೆ ನಾನು ಕೀಲುವಾತಕ್ಕೆ ಕೊಡುವ ವಾರದ ಡೋಸಿನ ಸುಮಾರು ಏಳುನೂರು ಪಟ್ಟು. ಆ ಚೀಟಿ ನೋಡಿ ನನ್ನ ಎದೆ ಧಸಕ್ ಅಂದಿತ್ತು. ಒತ್ತಾದ ಆ ನೇಯ್ಗೆ ದಾಟಿ ಮೆದುಳಿಗೆ ಸಾಕಷ್ಟು ಹೋಗಬೇಕಂದರೆ ಅಷ್ಟು ಬೇಕೇ ಬೇಕು.

ಔಷಧಿ ಹಳದಿ ಬಣ್ಣದ್ದು, ಡ್ರಿಪ್ಪಿನಲ್ಲಿ ಇಳಿಯುವಾಗ ಅರಿಸಿನದ ನೀರಿನಂತೆ ಕಾಣುತ್ತದೆ. ಮೂತ್ರ ಹುಳಿಯಾಗಿದ್ದರೆ ಅದು ಕಿಡ್ನಿಯಲ್ಲಿ ಹರಳುಗಟ್ಟುತ್ತದೆ. ಅದಕ್ಕೆ ಲೀಟರುಗಟ್ಟಲೆ ನೀರು ಏರಿಸಿ, ಸೋಡಾ ಬೈಕಾರ್ಬ್ ಕೊಟ್ಟು, ಮೂತ್ರದ ಪಿಎಚ್ 7ಕ್ಕಿಂತ ಮೇಲೆ ಇದೆಯಾ ಅಂತ ಪಟ್ಟಿ ಅದ್ದಿ ನೋಡುತ್ತಲೇ ಇರುತ್ತಾರೆ. ಸುಮಾರು 24 ತಾಸಿನ ನಂತರ ಲ್ಯೂಕೊವೊರಿನ್ ಅನ್ನೋ ಔಷಧಿ ಕೊಟ್ಟು ಒಳ್ಳೆಯ ಕಣಗಳನ್ನು ಉಳಿಸಿಕೊಳ್ಳುತ್ತಾರೆ. ಆ ದಿನಗಳಲ್ಲಿ ಸುಮ್ನೆ ಮೈಕೈ ನೋವು ಅಂತ ಅಂಗಡಿಯಿಂದ ನೋವಿನ ಮಾತ್ರೆ, ಗ್ಯಾಸಿನ ಮಾತ್ರೆ ತಂದು ನುಂಗಿಸಬಾರದು. ಮೆಥೊಟ್ರೆಕ್ಸೇಟ್ ದೇಹದಿಂದ ಹೊರಗೆ ಹೋಗೋದನ್ನು ಅವು ತಡೆಯುತ್ತವೆ. ಇದನ್ನು ಔಷಧಿ ಅಂಗಡಿಯವನಾಗಿಯೇ ಒತ್ತಿ ಹೇಳುತ್ತಿದ್ದೇನೆ.

ಈ ಔಷಧಿಯ ಹಿಂದೆ ನಮ್ಮ ಪಕ್ಕದ ನಾಡಿನವರೊಬ್ಬರು ಇದ್ದಾರೆ. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಅವರ ತಂಡ ಮಾಡಿದ ಅಮಿನಾಪ್ಟೆರಿನ್ ಅನ್ನೋ ಔಷಧಿಯನ್ನು ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟರು. ಕೆಲವು ಮಕ್ಕಳು ತಾತ್ಕಾಲಿಕವಾಗಿ ಚೇತರಿಸಿಕೊಂಡ ವರದಿ 1948ರಲ್ಲಿ ಬಂತು. ಮೆಥೊಟ್ರೆಕ್ಸೇಟ್ ಅದರದೇ ತಮ್ಮ. ಸುಬ್ಬರಾವ್ ಅದೇ ವರ್ಷ ತೀರಿಕೊಂಡರು. ಅವರ ಹೆಸರು ನಮ್ಮ ಮಕ್ಕಳ ಪಾಠಪುಸ್ತಕದಲ್ಲಿ ದೊಡ್ಡದಾಗಿ ಇರಬೇಕಿತ್ತು ಅಂತ ನನಗೆ ಅನಿಸುತ್ತದೆ.

ಇದರ ಜೊತೆ ಸಿಡಿ 20 ಗುರುತು ಹಿಡಿದು ಹೊಡೆಯುವ ರಿಟುಕ್ಸಿಮ್ಯಾಬ್ ಕೊಡುತ್ತಾರೆ, ಕೆಲವರಿಗೆ ಇನ್ನೊಂದೆರಡು ಔಷಧಿ. ಗಟ್ಟಿಮುಟ್ಟಾಗಿರುವವರಿಗೆ ಆಮೇಲೆ ತಮ್ಮದೇ ಮೂಲಕೋಶಗಳ ಕಸಿ ಮಾಡುವುದುಂಟು. ಇಡೀ ಮೆದುಳಿಗೆ ರೇಡಿಯೇಷನ್ ಕೊಡುವುದು ಹಿಂದೆ ಜಾಸ್ತಿ ಇತ್ತು. 60 ದಾಟಿದವರಲ್ಲಿ ಅದರಿಂದ ಮರೆವು, ನಡಿಗೆ ತಪ್ಪುವುದು ಕಾಣಿಸಿದ್ದರಿಂದ ಈಗ ಯೋಚಿಸಿ ಕೊಡುತ್ತಾರೆ.

ದೊಡ್ಡಪ್ಪನ ಕೀಮೋ ಮುಗಿದು ಒಂದೂವರೆ ವರ್ಷವಾಯಿತು. ಕಾಲು ಸ್ವಲ್ಪ ಎಳೆಯುತ್ತದೆ. ಮೂರು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಎಂಆರ್‌ಐ ಮಾಡಿಸುತ್ತೇವೆ. ಅವರ ಫೈಲಿನ ಮೊದಲ ಹಾಳೆಯ ಮೇಲೆ ನಾನು ಕೆಂಪು ಪೆನ್ನಿನಲ್ಲಿ ಬರೆದು ಅಂಟಿಸಿದ್ದೇನೆ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಡೆಕ್ಸಾಮೆಥಾಸೋನ್, ದಿನಕ್ಕೆ ಎಷ್ಟು ಮಿಲಿಗ್ರಾಂ, ಯಾವತ್ತು ನಿಲ್ಲಿಸಿದ್ದು. ಕೆಳಗೆ ಒಂದು ಸಾಲು: ಹೊಸದಾಗಿ ಸ್ಟೆರಾಯ್ಡ್ ಕೊಡುವ ಮುಂಚೆ ಈ ನಂಬರಿಗೆ ಫೋನ್ ಮಾಡಿ. ಹೋದ ತಿಂಗಳು ಕೆಮ್ಮಿಗೆ ಅಂತ ಊರಲ್ಲೇ ತೋರಿಸಲು ಹೋದಾಗ ದೊಡ್ಡಮ್ಮ ಆ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋಗಿದ್ದರಂತೆ. ಇಂಜೆಕ್ಷನ್ ಸಿರಿಂಜು ಕೈಗೆ ಬಂದಾಗ, "ಇದರೊಳಗೆ ಏನೈತಿ, ಮೊದಲು ಹೇಳ್ರಿ" ಅಂತ ಕೇಳಿದರಂತೆ.